ಸರಾಸರಿ 25 ಡಿಗ್ರಿ ಎಂಬ ಸುಳ್ಳು

ಸ್ಟ್ರಿಪ್ ತಿರುಗಿಸಿ ಎಕ್ಸ್‌ಪೈರಿ ದಿನಾಂಕ ನೋಡಿದರೆ ಸಾಕು, ಮಾತ್ರೆ ಚೆನ್ನಾಗಿದೆ ಎಂದು ತೀರ್ಮಾನಿಸುವವರೇ ಹೆಚ್ಚು. ಅಲ್ಲೇ ಪಕ್ಕದಲ್ಲಿ, ಕಣ್ಣು ಕಿರಿದಾಗಿಸಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಎಷ್ಟು ಡಿಗ್ರಿಯೊಳಗೆ ಇಡಬೇಕೆಂದೂ ಬರೆದಿರುತ್ತದೆ. ತಯಾರಕರು ಆ ದಿನಾಂಕ ಕೊಟ್ಟಿರುವುದೇ ಈ ಷರತ್ತಿನ ಮೇಲೆ. ಷರತ್ತು ಮುರಿದ ಮೇಲೆ ದಿನಾಂಕಕ್ಕೇನು ಬೆಲೆ? ಔಷಧ ಅಂಗಡಿಯ ಗುಣಮಟ್ಟ ಎಂದಾಗ ಲೈಸೆನ್ಸು, ಬಿಲ್ಲು, ದಾಖಲೆ ಪುಸ್ತಕ ಎಲ್ಲವೂ ಬೇಕು, ಇಲ್ಲವೆನ್ನುವುದಿಲ್ಲ. ನನ್ನ ಕಣ್ಣು ಮಾತ್ರ ಮೊದಲು ಹೋಗುವುದು ಕಪಾಟಿನ ಪಕ್ಕದ ಥರ್ಮಾಮೀಟರ್ ಕಡೆಗೆ.

ಎರಡು ಅಂಗಡಿಗಳಿವೆ ಎನ್ನಿ. ಒಂದರಲ್ಲಿ ಹಗಲಿರುಳೂ 25 ಡಿಗ್ರಿ ಸೆಲ್ಸಿಯಸ್. ಇನ್ನೊಂದರಲ್ಲಿ ಅರ್ಧ ದಿನ 10, ಇನ್ನರ್ಧ ದಿನ 40. ಸರಾಸರಿ ಎರಡರಲ್ಲೂ 25. ಹಾಗಂತ ಔಷಧ ಎರಡು ಕಡೆಯೂ ಒಂದೇ ವೇಗದಲ್ಲಿ ಕೆಡುವುದಿಲ್ಲ.

ಕಾರಣ, ಬಿಸಿ ಏರಿದಂತೆ ರಾಸಾಯನಿಕ ಕ್ರಿಯೆಯ ವೇಗ ಎಷ್ಟು ಏರುತ್ತದೆಂದು ಸ್ವೀಡನ್ನಿನ ರಸಾಯನ ವಿಜ್ಞಾನಿ ಸ್ವಾಂಟೆ ಅರೇನಿಯಸ್ 1889ರಲ್ಲೇ ಕೊಟ್ಟ ಸಮೀಕರಣದಲ್ಲಿದೆ. (1896ರಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಏರಿದರೆ ಭೂಮಿ ಎಷ್ಟು ಬಿಸಿಯಾದೀತೆಂದು ಲೆಕ್ಕ ಹಾಕಿದವರೂ ಇವರೇ. 1903ರ ನೊಬೆಲ್ ಸಿಕ್ಕಿದ್ದು ಮಾತ್ರ ಬೇರೆಯದೇ ಕೆಲಸಕ್ಕೆ!) ಅಣುವೊಂದು ಒಡೆಯಬೇಕಾದರೆ ಶಕ್ತಿಯ ಎತ್ತರದ ಗೋಡೆಯೊಂದನ್ನು ಹಾರಬೇಕು. ಬಿಸಿ ಸ್ವಲ್ಪ ಏರಿದಾಗ ಅಣುಗಳ ಸರಾಸರಿ ಶಕ್ತಿ ಏರುವುದು ಅಲ್ಪವೇ. ಆದರೆ ಗೋಡೆ ಹಾರುವಷ್ಟು ಕಸುವಿರುವ ಅಣುಗಳ ಸಂಖ್ಯೆ ಹಲವು ಪಟ್ಟು ಏರಿಬಿಡುತ್ತದೆ. ಔಷಧಗಳಿಗೆ ಸಾಮಾನ್ಯವಾಗಿ ಬಳಸುವ ಗೋಡೆಯ ಎತ್ತರ ಮೋಲ್‌ಗೆ (ಅಣುಗಳನ್ನು ಎಣಿಸುವ ಅಳತೆ ಇದು) ಸುಮಾರು 83 ಕಿಲೋಜೂಲ್. ಆ ಲೆಕ್ಕದಲ್ಲಿ 25ಕ್ಕಿಂತ 40 ಡಿಗ್ರಿಯಲ್ಲಿ ಕೆಡುವ ವೇಗ ಸುಮಾರು 5 ಪಟ್ಟು. ತಂಪಿನ ಅರ್ಧ ದಿನ ಎಷ್ಟೇ ನಿಧಾನವಾದರೂ ಆ ನಷ್ಟ ತುಂಬುವುದಿಲ್ಲ. ಎರಡನೇ ಅಂಗಡಿಯ ಮಾತ್ರೆ ಒಟ್ಟಾರೆ ಎರಡೂವರೆ ಪಟ್ಟು ಬೇಗ ಕೆಡುತ್ತದೆ. ಅಂದರೆ ಆ ಕಪಾಟು ಔಷಧದ ಪಾಲಿಗೆ 25 ಡಿಗ್ರಿಯದ್ದಲ್ಲ, 33 ದಾಟಿದ್ದು. ಹೀಗೆ ಏರಿಳಿತವನ್ನೆಲ್ಲ ಒಂದೇ ಅಂಕಿಗೆ ಇಳಿಸುವ ಲೆಕ್ಕವನ್ನು 1971ರಲ್ಲಿ ಹೇನ್ಸ್ ಎಂಬ ಸಂಶೋಧಕರು ಮಂಡಿಸಿದರು. ಮೀನ್ ಕೈನೆಟಿಕ್ ಟೆಂಪರೇಚರ್ ಎಂದು ಅದರ ಹೆಸರು.

ತೇವ ಹೊಕ್ಕ ಆಸ್ಪಿರಿನ್ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದರೆ ವಿನೆಗರ್ ಘಾಟು ಮೂಗಿಗೆ ಬಡಿಯುವುದುಂಟು. ಗೋಡೆ ಹಾರಿದ ಅಣುಗಳು ಸ್ಯಾಲಿಸಿಲಿಕ್ ಆಮ್ಲ, ಅಸಿಟಿಕ್ ಆಮ್ಲಗಳಾಗಿ ಒಡೆದಿರುತ್ತವೆ. ಮಾತ್ರೆ ನೋಡಲು ಮಾತ್ರ ಬೆಳ್ಳಗೇ ಇದ್ದೀತು. ಎಲ್ಲ ಔಷಧವೂ ಹೀಗೆ ವಾಸನೆ ಬೀರಿ ಸುಳಿವು ಕೊಡುವುದಿಲ್ಲ, ಅದೇ ತೊಂದರೆ.

ಹಾಗಾದರೆ ಎಲ್ಲವನ್ನೂ ಫ್ರಿಜ್ಜಿಗೆ ತುರುಕಿದರಾಯಿತು ಎನ್ನುವವರಿಗೆ ಇನ್ಸುಲಿನ್ ಉತ್ತರ. ಬಳಸದೆ ಇಟ್ಟ ಇನ್ಸುಲಿನ್‌ಗೆ ಬೇಕಾದದ್ದು 2ರಿಂದ 8 ಡಿಗ್ರಿ. ಅದಕ್ಕೂ ಕೆಳಗಿಳಿದು ಹೆಪ್ಪುಗಟ್ಟಿದರೆ ಅದರ ಪ್ರೋಟೀನ್ ಕೆಡುತ್ತದೆ; ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಎಸೆಯಲೇಬೇಕು. ಅರೇನಿಯಸ್ ಲೆಕ್ಕಕ್ಕೆ ಇದು ಕಾಣುವುದೇ ಇಲ್ಲ, ತಂಪಾದಷ್ಟೂ ಒಳ್ಳೆಯದೆಂದೇ ಅದು ಹೇಳುತ್ತದೆ. ಆದ್ದರಿಂದ ಔಷಧದ ಫ್ರಿಜ್ಜಿನಲ್ಲಿ ಆ ಕ್ಷಣದ ಅಂಕಿ ತೋರಿಸುವ ಥರ್ಮಾಮೀಟರ್ ಸಾಲದು. ರಾತ್ರಿ ಮುಟ್ಟಿದ ಅತಿ ಕಡಿಮೆ, ಅತಿ ಹೆಚ್ಚು ಎರಡನ್ನೂ ನೆನಪಿಟ್ಟುಕೊಳ್ಳುವಂಥದ್ದು ಬೇಕು, ಬೆಳಿಗ್ಗೆ ಬಾಗಿಲು ತೆರೆದವರು ಆ ಎರಡು ಅಂಕಿ ಬರೆದು, ಅದನ್ನು ರೀಸೆಟ್ ಮಾಡಬೇಕು.