ರಿಪೇರಿ ಹಡಗಿನವರಿಗೆ ಕಲ್ನಾರಿನ ಧೂಳು ಬಂದದ್ದು ಎಲ್ಲಿಂದ?

ಓದುಗರ ಪ್ರಶ್ನೆ: ನೌಕಾಪಡೆಯ ರಿಪೇರಿ ಹಡಗು ಕಾಳಗಕ್ಕೆ ಹೋಗುವುದಿಲ್ಲ, ಬಂದರಿನಲ್ಲಿ ಲಂಗರು ಹಾಕಿ ನಿಂತಿರುತ್ತದೆ ಅಲ್ವಾ? ಹಾಗಿದ್ದರೂ ಅದರಲ್ಲಿ ದುಡಿದವರಿಗೆ ಆಸ್ಬೆಸ್ಟಾಸ್ ಕಾಯಿಲೆಯ ಭಯ ಯಾಕೆ?

ಅವರ ಮೂಗಿಗೆ ಹೋಗುತ್ತಿದ್ದುದು ಬರೀ ತಮ್ಮ ಹಡಗಿನ ಧೂಳಾಗಿರಲಿಲ್ಲ. ರಿಪೇರಿಗೆಂದು ಪಕ್ಕಕ್ಕೆ ಬಂದು ನಿಂತ ಹಡಗುಗಳ ಧೂಳೂ ಅದಕ್ಕೆ ಸೇರುತ್ತಿತ್ತು. ನನ್ನ ಉತ್ತರ ಇಷ್ಟೇ. ಆದರೆ ಒಂದು ಹಡಗಿನ ಕಥೆ ಹೇಳಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಅಮೆರಿಕ ನೌಕಾಪಡೆಯ 'ವಲ್ಕನ್' ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಕಟ್ಟಿದ ರಿಪೇರಿ ಹಡಗು. 1941ರ ಜೂನ್‌ನಲ್ಲಿ ಸೇವೆಗೆ ಸೇರಿತು. ಅದರೊಳಗೆ ಎರಕದ ಮನೆ, ಲೇತ್‌ಗಳು, ಬಾಯ್ಲರ್ ಕೆಲಸದವರು, ಪೈಪ್ ಜೋಡಿಸುವವರು, ಬಡಗಿಗಳು ಎಲ್ಲ ಇದ್ದರು. ಒಂದು ಕಾರ್ಖಾನೆಯೇ ನೀರಿನ ಮೇಲೆ ತೇಲುತ್ತಿತ್ತು ಅನ್ನಬಹುದು. ಅದೇ ವರ್ಷ ಅಕ್ಟೋಬರ್ 17ರಂದು, ಅಮೆರಿಕ ಇನ್ನೂ ಯುದ್ಧಕ್ಕೇ ಇಳಿಯದಿದ್ದಾಗ, 'ಕಿಯರ್ನಿ' ಎಂಬ ಯುದ್ಧನೌಕೆಗೆ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. 11 ನಾವಿಕರು ಸತ್ತರು. ಏಟು ಬಿದ್ದದ್ದು ಮುಂದಿನ ಬಾಯ್ಲರ್ ಕೋಣೆಗೆ. ಒಡೆದ ಹೊಟ್ಟೆಯಲ್ಲೇ ಆ ಹಡಗು ಐಸ್‌ಲ್ಯಾಂಡ್ ಮುಟ್ಟಿತು. ಅಲ್ಲಿ ಅದಕ್ಕೆ ತೇಪೆ ಹಾಕಿದ್ದು ವಲ್ಕನ್‌ನವರು. ಕ್ರಿಸ್‌ಮಸ್ ದಿನ ಕಿಯರ್ನಿ ಬಾಸ್ಟನ್ ಕಡೆಗೆ ಹೊರಟಿತು.

ಆ ಬಾಯ್ಲರ್ ಕೋಣೆಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಆ ಕಾಲದ ಯುದ್ಧನೌಕೆಗಳು ಓಡುತ್ತಿದ್ದುದು ಉಗಿಯಿಂದ. ಕೆಲವು ಹಡಗುಗಳಲ್ಲಿ ಉಗಿಯ ಬಿಸಿ 400 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಅಂಥ ಪೈಪನ್ನು ಬರಿದಾಗಿ ಬಿಡುವಂತಿಲ್ಲ, ಮುಟ್ಟಿದವರ ಕೈ ಬೆಂದುಹೋಗುತ್ತದೆ, ಬಿಸಿಯೂ ಸುಮ್ನೆ ಪೋಲಾಗುತ್ತದೆ. ಹಾಗಾಗಿ ಪೈಪಿಗೆ ದಪ್ಪನೆಯ ಹೊದಿಕೆ ಸುತ್ತುತ್ತಿದ್ದರು. ಆ ಹೊದಿಕೆಯಲ್ಲಿ ಇದ್ದದ್ದೇ ಆಸ್ಬೆಸ್ಟಾಸ್. ಕನ್ನಡದಲ್ಲಿ ಇದಕ್ಕೆ ಕಲ್ನಾರು ಎನ್ನುತ್ತೇವೆ. ಎಷ್ಟು ಸರಿಯಾದ ಹೆಸರು! ಇದು ನಿಜವಾಗಿಯೂ ಕಲ್ಲೇ, ಆದರೆ ಹತ್ತಿಯಂತೆ ನಾರು ನಾರಾಗಿ ಬಿಡಿಸಿಕೊಳ್ಳುತ್ತದೆ. ಬೆಂಕಿಗೆ ಜಗ್ಗುವುದಿಲ್ಲ, ಬೆಲೆಯೂ ಕಡಿಮೆ.

ಹೊದಿಕೆ ಗಟ್ಟಿಯಾಗಿ, ಮುಚ್ಚಿಕೊಂಡು ಇರುವಷ್ಟು ದಿನ ಅದರಿಂದ ಹೆಚ್ಚು ನಾರು ಗಾಳಿಗೆ ಬರುವುದಿಲ್ಲ. ಅದನ್ನು ಕಿತ್ತಾಗ, ಗರಗಸದಲ್ಲಿ ಕೊಯ್ದಾಗ, ಹೊಸದಾಗಿ ಮೆತ್ತಲು ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿದಾಗ ಧೂಳು ಏಳುತ್ತದೆ. ರಿಪೇರಿಯವರ ಕೆಲಸವೇ ಅದು, ಹೊದಿಕೆ ಬಿಚ್ಚದೆ ಪೈಪ್ ಮುಟ್ಟುವುದಾದರೂ ಹೇಗೆ? ವಾಲ್ವ್‌ಗಳ ಪ್ಯಾಕಿಂಗ್, ಗ್ಯಾಸ್ಕೆಟ್, ವೆಲ್ಡಿಂಗ್ ಮಾಡುವವರ ಕೈಗವಸು, ಎಲ್ಲದರಲ್ಲೂ ಕಲ್ನಾರು ಇತ್ತು. ಕೆಳಗಿನ ಡೆಕ್‌ಗಳಲ್ಲಿ ಗಾಳಿಯಾಡುವ ಜಾಗ ಕಡಿಮೆ. ಬಟ್ಟೆಗೆ ಹತ್ತಿದ ಧೂಳು ಮಲಗುವ ಜಾಗಕ್ಕೂ ಬರುತ್ತಿತ್ತು.

ವಲ್ಕನ್ ಯುದ್ಧಕಾಲದಲ್ಲಿ ಅಟ್ಲಾಂಟಿಕ್, ಮೆಡಿಟರೇನಿಯನ್, ಪೆಸಿಫಿಕ್ ಮೂರೂ ಕಡೆ ದುಡಿಯಿತು. 1978ರಲ್ಲಿ ಇದೇ ಹಡಗಿಗೆ ಮಹಿಳಾ ನಾವಿಕರೂ ಬಂದರು. ಆಸ್ಪತ್ರೆ ಹಡಗುಗಳನ್ನು ಬಿಟ್ಟರೆ ಅಮೆರಿಕ ನೌಕಾಪಡೆಯಲ್ಲಿ ಅದು ಮೊದಲು. 1991ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿ. ಐವತ್ತು ವರ್ಷ! 1970ರ ದಶಕದಲ್ಲಿ ನೌಕಾಪಡೆ ಹೊಸ ಕೆಲಸಗಳಿಗೆ ಕಲ್ನಾರು ಬಳಸುವುದನ್ನು ಬಿಡತೊಡಗಿತು. ಆದರೆ ಹಳೆಯ ಹಡಗುಗಳಲ್ಲಿ ಸುತ್ತಿದ್ದದ್ದು ಒಂದೇ ದಿನಕ್ಕೆ ಹೋಗಲಿಲ್ಲ.

ಅಪಾಯ ಮೊದಲೇ ಗೊತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ನನ್ನನ್ನು ತುಂಬಾ ಕಾಡುವ ಭಾಗ ಇದು. ನೌಕೆಗಳ ಪೈಪಿಗೆ ಹೊದಿಕೆ ಸುತ್ತುವ 1,074 ಕೆಲಸಗಾರರನ್ನು ಪರೀಕ್ಷಿಸಿದ ಒಂದು ವರದಿ 1946ರಲ್ಲಿ ಬಂತು. ಮೂವರಲ್ಲಿ ಮಾತ್ರ ಆಸ್ಬೆಸ್ಟೋಸಿಸ್, ಅಂದರೆ ಕಲ್ನಾರಿನ ಧೂಳಿನಿಂದ ಶ್ವಾಸಕೋಶ ಗಡುಸಾಗುವ ಕಾಯಿಲೆ, ಕಂಡಿತ್ತು. ಹಾಗಾಗಿ ಇದು ಅಪಾಯದ ಕೆಲಸವಲ್ಲ ಎಂದು ಬರೆದರು. ಆದರೆ ಆ ಕೆಲಸಗಾರರಲ್ಲಿ ಸುಮಾರು 95 ಶೇಕಡಾ ಮಂದಿ ಹತ್ತು ವರ್ಷವೂ ಆ ಕೆಲಸ ಮಾಡಿರಲಿಲ್ಲ. ಈ ಕಾಯಿಲೆಗಳಿಗೆ ಅವಸರವೇ ಇಲ್ಲ. ಶ್ವಾಸಕೋಶದ ಹೊರಪೊರೆಯಲ್ಲಿ ಏಳುವ ಮೀಸೋಥೀಲಿಯೋಮಾ ಕ್ಯಾನ್ಸರ್ ತಲೆ ಎತ್ತಲು ಸಾಮಾನ್ಯವಾಗಿ 20ರಿಂದ 50 ವರ್ಷ ಬೇಕು. ಬಿತ್ತಿದ ಮರುವಾರವೇ ಹೊಲ ನೋಡಿ, ಮೊಳಕೆ ಬಂದಿಲ್ಲ ಅಂದಹಾಗಾಯಿತು. 1964ರಲ್ಲಿ ನ್ಯೂಯಾರ್ಕಿನ ವೈದ್ಯ ಇರ್ವಿಂಗ್ ಸೆಲಿಕಾಫ್ ಮತ್ತು ಜೊತೆಗಾರರು, ಇದೇ ಹೊದಿಕೆಯ ಕೆಲಸದಲ್ಲಿ ಬಹಳ ವರ್ಷ ಕಳೆದವರ ಲೆಕ್ಕ ತೆಗೆದರು. ಆಗ ಸತ್ಯ ಎದ್ದು ಕಂಡಿತು. ನಡುವಿನ ಆ ಹದಿನೆಂಟು ವರ್ಷ ಎಷ್ಟು ಹುಡುಗರು ಮುಖಕ್ಕೆ ಬಟ್ಟೆಯೂ ಕಟ್ಟದೆ ದುಡಿದಿರಬಹುದು!

ಹಾಗಂತ ಹಡಗಿನಲ್ಲಿದ್ದವರಿಗೆಲ್ಲ ಕಾಯಿಲೆ ಬರುತ್ತದೆ ಎಂದಲ್ಲ. ಎಷ್ಟು ಧೂಳು, ಎಷ್ಟು ವರ್ಷ ಎಂಬುದರ ಮೇಲೆ ಅಪಾಯ ಏರುತ್ತದೆ. ಅಮೆರಿಕದಲ್ಲಿ ಮಾಜಿ ಸೈನಿಕರ ಪರಿಹಾರದ ಅರ್ಜಿ ಬಂದಾಗ, ಆತ ಯಾವ ಕೆಲಸದಲ್ಲಿದ್ದ ಎಂದು ನೋಡುತ್ತಾರೆ. ಬಾಯ್ಲರ್ ಮತ್ತು ಪೈಪ್ ಕೆಲಸದವರು ಪಟ್ಟಿಯ ಮೇಲ್ತುದಿಯಲ್ಲಿದ್ದಾರೆ, ಕಚೇರಿ ಗುಮಾಸ್ತರು ಕೆಳಗಿದ್ದಾರೆ. ಜೊತೆಗೆ ಸಿಗರೇಟು ಇದ್ದರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಬಹಳ ಜಾಸ್ತಿ. ಮೀಸೋಥೀಲಿಯೋಮಾ ಮಾತ್ರ ಸಿಗರೇಟು ಸೇದದವರಿಗೂ ಬರುತ್ತದೆ.

ನಮ್ಮ ಕರಾವಳಿಯಲ್ಲೂ ಹಳೆಯ ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದು ಮನೆಗೆ ಬಂದ ಹಿರಿಯರಿದ್ದಾರೆ. ಹಡಗುಗಳಲ್ಲಿ ಹೊಸದಾಗಿ ಕಲ್ನಾರು ಹಾಕುವುದಕ್ಕೆ ಅಂತರರಾಷ್ಟ್ರೀಯವಾಗಿ ಪೂರ್ತಿ ನಿಷೇಧ ಬಂದದ್ದು 2011ರಲ್ಲಿ. ಉಬ್ಬಸ, ಬಿಡದ ಒಣಕೆಮ್ಮು, ಎದೆನೋವು ಇದ್ದರೆ ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ವೈದ್ಯರು ಕೇಳದಿದ್ದರೂ ಹಳೆಯ ಕೆಲಸದ ಬಗ್ಗೆ ನೀವೇ ಹೇಳಿ. ಯಾವ ಹಡಗು ಎಂಬುದರ ಜೊತೆಗೆ, ಅಲ್ಲಿ ಏನು ಬಿಚ್ಚುತ್ತಿದ್ದಿರಿ, ಏನು ಕೊಯ್ಯುತ್ತಿದ್ದಿರಿ, ಎಷ್ಟು ವರ್ಷ ಎಂಬುದನ್ನೂ ತಿಳಿಸಿ. ಆ ಧೂಳಿನ ಬಟ್ಟೆಯನ್ನು ಮನೆಯಲ್ಲಿ ಒಗೆದವರಿಗೆ ಇಂಥ ತೊಂದರೆಗಳು ಕಾಣಿಸಿದರೆ, ಅವರೂ ಇದನ್ನೇ ಹೇಳಬೇಕು.