ಅಪ್ಪನಿಗಿಂತ ಮಗಳಿಗೇ ಜಾಸ್ತಿ ಊಟ ಬೇಕು

"ಮೇಡಂ, ಇವಳು ಯಾವಾಗ ನೋಡಿದ್ರೂ ಸುಸ್ತು ಅಂತಾಳೆ. ರಾತ್ರಿ ಮಾತ್ರ ಅಡುಗೆಮನೆ ಡಬ್ಬಿಗಳೆಲ್ಲ ಖಾಲಿ." ಹತ್ತನೇ ಕ್ಲಾಸಿನ ಮಗಳನ್ನು ಕರೆತಂದ ತಾಯಿಯ ದೂರು ಇದು. ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು.

ಹಿಂದಿನ ದಿನ ತಿಂದದ್ದನ್ನೆಲ್ಲ ಕೇಳಿ ಬರೆದುಕೊಂಡೆ. ಏಳು ಗಂಟೆಗೇ ಸ್ಕೂಲ್ ವ್ಯಾನ್, ಹಾಗಾಗಿ ಬೆಳಿಗ್ಗೆ ಒಂದು ಲೋಟ ಟೀ, ಎರಡು ಬಿಸ್ಕತ್ತು. ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ, ಅದರಲ್ಲೂ ಅರ್ಧ ವಾಪಸ್. ಟ್ಯೂಷನ್‌ಗೆ ಹೋಗುವಾಗ ಒಂದು ಪ್ಯಾಕೆಟ್ ಚಿಪ್ಸ್. ರಾತ್ರಿ ಎರಡು ಚಪಾತಿ, ಪಲ್ಯ. ಆಮೇಲೆ ಡಬ್ಬಿಯ ಕೋಡುಬಳೆ. ಎಲ್ಲ ಕೂಡಿದರೂ 1200 ಕ್ಯಾಲೊರಿ ದಾಟಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 2400 ಕ್ಯಾಲೊರಿ ಬೇಕು, ಹುಡುಗನಿಗೆ 2860. ಹದಿನಾರು ದಾಟಿದರೆ ಹುಡುಗಿಗೆ 2500, ಹುಡುಗನಿಗೆ 3320. ಕುಳಿತು ಕೆಲಸ ಮಾಡುವ ಗಂಡಸಿಗೆ ಎಷ್ಟು ಗೊತ್ತಾ? 2110. ಹೆಂಗಸಿಗೆ 1660. ಅಂದರೆ ಆಫೀಸಿಗೆ ಹೋಗುವ ಅಪ್ಪನಿಗಿಂತ ಮಗಳಿಗೇ ಜಾಸ್ತಿ ಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಬಡಿಸುವುದು ಮಾತ್ರ ಉಲ್ಟಾ. "ಹೆಣ್ಣುಮಗು, ಅಷ್ಟೊಂದು ತಿನ್ನಬಾರದು" ಅನ್ನುವ ಮಾತು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈ ಅಂಕಿಗಳು ಸರಾಸರಿ ತೂಕದ, ಓಡಾಡಿಕೊಂಡು ಆಡಿಕೊಂಡು ಇರುವ ಮಕ್ಕಳಿಗೆ. ದಿನವಿಡೀ ಕೂತಿರುವವರಿಗೆ ಕಡಿಮೆ ಸಾಕು, ದಿನಾ ಕಬಡ್ಡಿ ಆಡುವವರಿಗೆ ಇನ್ನೂ ಬೇಕು.

"ಜಾಸ್ತಿ ತಿಂದ್ರೆ ದಪ್ಪ ಆಗ್ತೀನಿ ಆಂಟಿ" ಅಂದಳು ಹುಡುಗಿ, ಮೆಲ್ಲಗೆ. ಈ ವಯಸ್ಸಲ್ಲಿ ಎತ್ತರ, ಮೂಳೆ, ರಕ್ತ ಎಲ್ಲ ಒಟ್ಟಿಗೆ ಬೆಳೆಯುತ್ತವೆ, ಸೊಂಟದ ಹತ್ತಿರ ಸ್ವಲ್ಪ ತುಂಬಿಕೊಳ್ಳುವುದೂ ಸಹಜವೇ ಅಂತ ಹೇಳಿದೆ. ಹಗಲೆಲ್ಲ ಹಸಿದ ಹೊಟ್ಟೆ ರಾತ್ರಿ ಕೋಡುಬಳೆ ಹುಡುಕುವುದು ಅವಳ ತಪ್ಪಲ್ಲ ಅಲ್ವಾ?

ಮೊದಲು ಬೆಳಗಿನದ್ದು ಸರಿಮಾಡಿದೆವು. ರಾತ್ರಿಯೇ ಕಾಯಿಸಿಟ್ಟ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಯಲು ಎರಡು ನಿಮಿಷ ಸಾಕು. ಜೊತೆಗೊಂದು ಬೇಯಿಸಿದ ಮೊಟ್ಟೆ. ಚಿಪ್ಸ್ ಬದಲು ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಅದರಲ್ಲೇ 160 ಕ್ಯಾಲೊರಿ ಸಿಗುತ್ತದೆ. ಡಬ್ಬಿಯ ಚಿತ್ರಾನ್ನದ ಜೊತೆ ಕಾಳಿನ ಉಸಲಿ.

ಸುಸ್ತು ಇದ್ದದ್ದರಿಂದ ಹಿಮೋಗ್ಲೋಬಿನ್ ಪರೀಕ್ಷೆಗೂ ಬರೆದುಕೊಟ್ಟೆ. ಈ ವಯಸ್ಸಿನ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕು. ತಿಂಡಿ ಜೊತೆಗೇ ಟೀ ಕುಡಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ಗಂಟೆಯಾದರೂ ಬಿಡಬೇಕು. ಮುಟ್ಟು ನಿಂತಿದ್ದರೆ, ತೂಕ ಇಳಿಯುತ್ತಲೇ ಇದ್ದರೆ ಕ್ಯಾಲೊರಿ ಲೆಕ್ಕ ಹಾಕುತ್ತಾ ಕೂರಬೇಡಿ, ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.