0.85 ಎಂಬ ಗೆರೆ ಎಲ್ಲಿಂದ ಬಂತು?

ಮಾನಸಗಂಗೋತ್ರಿಯಲ್ಲಿ ಕೂತ ವಿದ್ಯಾರ್ಥಿಯೊಬ್ಬ ಅರಿಶಿನದ ಕರ್ಕ್ಯುಮಿನ್ ಅಣುವಿನ ಚಿತ್ರ ಬರೆದು, ಇದರಂಥ ಅಣುಗಳನ್ನೆಲ್ಲ ಹುಡುಕಿಕೊಡು ಅಂತ ಡೇಟಾಬೇಸನ್ನು ಕೇಳಬಹುದು. ಆದರೆ ಎಷ್ಟು ಹೋಲಬೇಕು ಅಂತ ಅವನೇ ಹೇಳಬೇಕು. ಹೋಲಿಕೆಯ ಅಳತೆಯಲ್ಲಿ 0 ಅಂದರೆ ಏನೂ ಹೋಲದು, 1 ಅಂದರೆ ಪೂರ್ತಿ ಹೋಲಿಕೆ. 0.85 ಅಂತ ಹಾಕಿಬಿಡುವ ರೂಢಿ ಬಹಳ ವರ್ಷದಿಂದ ಇದೆ. ಯಾಕೆ ಅಂತ ಕೇಳಿದರೆ ಉತ್ತರ ಕಷ್ಟ.

ಈ ಅಳತೆ ಹುಟ್ಟಿದ್ದು ರಸಾಯನಶಾಸ್ತ್ರದಲ್ಲಿ ಅಲ್ಲವೇ ಅಲ್ಲ. 1901ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಪಾಲ್ ಜಕಾರ್ ಆಲ್ಪ್ಸ್ ಮತ್ತು ಜೂರಾ ಸೀಮೆಯ ಗಿಡಗಳನ್ನು ಹೋಲಿಸಿ ನೋಡುತ್ತಿದ್ದರು. ನಮ್ಮ ಕಡೆಗೆ ತಂದು ಹೇಳುವುದಾದರೆ, ಚಾಮುಂಡಿ ಬೆಟ್ಟದ ಗಿಡಗಳದ್ದೊಂದು ಪಟ್ಟಿ, ಮೇಲುಕೋಟೆ ಬೆಟ್ಟದ್ದೊಂದು ಪಟ್ಟಿ. ಎರಡರಲ್ಲೂ ಇರುವ ಜಾತಿಗಳ ಸಂಖ್ಯೆಯನ್ನು, ಎರಡೂ ಪಟ್ಟಿ ಸೇರಿಸಿದಾಗ ಸಿಗುವ ಒಟ್ಟು ಜಾತಿಗಳಿಂದ ಭಾಗಿಸಿದರೆ ಹೋಲಿಕೆ ಸಿಕ್ಕಿತು. ಎರಡೂ ಕಡೆ ಇಲ್ಲದ ಗಿಡಗಳು ಲೆಕ್ಕಕ್ಕೇ ಬರುವುದಿಲ್ಲ. ದೇವದಾರು ಇಲ್ಲೂ ಇಲ್ಲ, ಅಲ್ಲೂ ಇಲ್ಲ ಅಂತ ಎರಡು ಬೆಟ್ಟ ಒಂದೇ ಥರ ಆಗುವುದಿಲ್ಲ, ಅಲ್ವಾ?

1950ರ ದಶಕದ ಕೊನೆಯಲ್ಲಿ ಐಬಿಎಂನ ಟಾನಿಮೋಟೊ ಇದೇ ಲೆಕ್ಕವನ್ನು ಮತ್ತೆ ಹಿಡಿದರು. ರಸಾಯನಶಾಸ್ತ್ರದವರ ಬಾಯಲ್ಲಿ ನಿಂತದ್ದು ಅವರ ಹೆಸರೇ. ಇಲ್ಲಿ ಗಿಡಗಳ ಬದಲು ಅಣುವಿನ ತುಂಡುಗಳು. ಬೆಂಜೀನ್ ಉಂಗುರ ಇದೆಯೇ, ನೈಟ್ರೋಜನ್ ಇದೆಯೇ? ಇದ್ದರೆ 1, ಇಲ್ಲದಿದ್ದರೆ 0. ಈ ಸಾಲಿಗೆ ಫಿಂಗರ್‌ಪ್ರಿಂಟ್ ಅನ್ನುತ್ತಾರೆ. ಪ್ರಸಿದ್ಧವಾದ ಮ್ಯಾಕ್ಸ್ (MACCS) ಎಂಬ ಪಟ್ಟಿಯಲ್ಲಿ ಇಂಥ 166 ಪ್ರಶ್ನೆಗಳಿವೆ.

ಒಂದು ಅಣುವಿನಲ್ಲಿ 40 ತುಂಡು, ಇನ್ನೊಂದರಲ್ಲಿ 50, ಎರಡರಲ್ಲೂ ಇರುವುದು 30 ಅನ್ನಿ. ಟಾನಿಮೋಟೊ ಪ್ರಕಾರ ಹೋಲಿಕೆ 30/60, ಅಂದರೆ 0.5. ಡೈಸ್ ಎಂಬ ಇನ್ನೊಂದು ಸೂತ್ರದಲ್ಲಿ, ಎರಡರಲ್ಲೂ ಇರುವುದರ ಎರಡರಷ್ಟನ್ನು ಎರಡು ಅಣುಗಳ ತುಂಡುಗಳ ಮೊತ್ತದಿಂದ ಭಾಗಿಸಬೇಕು: 60/90, ಅಂದರೆ 0.67. ಅಂಕಿ ಬೇರೆಯಾದರೂ ಯಾವ ಅಣು ಹೆಚ್ಚು ಹೋಲುತ್ತದೆ, ಯಾವುದು ಕಡಿಮೆ ಅಂತ ಈ ಎರಡು ಸೂತ್ರ ಕೊಡುವ ಕ್ರಮ ಯಾವಾಗಲೂ ಒಂದೇ. ಹಾಗಾಗಿ ಇವೆರಡರಲ್ಲಿ ಯಾವುದು ಮೇಲು ಅನ್ನುವ ಜಗಳ ಸುಮ್ನೆ.

ನಿಜವಾದ ತಂಟೆ ಹ್ಯಾಮಿಂಗ್, ಯೂಕ್ಲಿಡ್ ಎಂಬ ದೂರದ ಅಳತೆಗಳದ್ದು. ಇವು ವ್ಯತ್ಯಾಸವನ್ನಷ್ಟೇ ಎಣಿಸುತ್ತವೆ. ಮೇಲಿನ ಜೋಡಿಯಲ್ಲಿ ವ್ಯತ್ಯಾಸ 30. ಈಗ ಐದೈದೇ ತುಂಡುಗಳಿರುವ ಎರಡು ಪುಟಾಣಿ ಅಣು ತಗೊಳ್ಳಿ. ಅವುಗಳಲ್ಲಿ ಒಂದು ತುಂಡೂ ಹೊಂದುವುದಿಲ್ಲ. ಆದರೂ ವ್ಯತ್ಯಾಸ ಬರೀ 10! ಏನೂ ಸಂಬಂಧವಿಲ್ಲದ ಇವೇ ಹೆಚ್ಚು ಹತ್ತಿರ ಅಂತ ಲೆಕ್ಕ ಹೇಳುತ್ತದೆ.

1986ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಪೀಟರ್ ವಿಲೆಟ್ ಮತ್ತು ವಿವಿಯನ್ ವಿಂಟರ್‌ಮನ್ ಹಲವು ಅಳತೆಗಳನ್ನು ಹೋಲಿಸಿದರು. ಅಂಥ ಕೆಲಸದಿಂದಲೇ ಟಾನಿಮೋಟೊ ಬೇರೂರಿತು. 2015ರಲ್ಲಿ ಹಂಗೇರಿಯ ಸಂಶೋಧಕರು ಎಂಟು ಅಳತೆ ಹೋಲಿಸಿದಾಗಲೂ ಟಾನಿಮೋಟೊ, ಡೈಸ್, ಕೊಸೈನ್, ಸೋರ್ಗೆಲ್ ಮುಂದೆ ಬಂದವು. ಇದರಲ್ಲಿ ಸೋರ್ಗೆಲ್ ಅಂದರೆ 1ರಿಂದ ಟಾನಿಮೋಟೊ ಕಳೆದದ್ದೇ.

ಇನ್ನು 0.85. ಇದು ಗಟ್ಟಿಯಾದದ್ದು 1990ರ ದಶಕದಲ್ಲಿ. ಇಷ್ಟು ಹೋಲಿಕೆ ಇದ್ದರೆ ಔಷಧಿಯ ಗುಣವೂ ಹೋಲುತ್ತದೆ ಅಂತ ನಂಬಿದ್ದರು. ಅಬಾಟ್ ಎಂಬ ಔಷಧ ಕಂಪನಿಯ ಇವೊನ್ ಮಾರ್ಟಿನ್ ಮತ್ತು ಸಂಗಡಿಗರು 2002ರಲ್ಲಿ ಪರೀಕ್ಷಿಸಿ ನೋಡಿದರೆ, ಆ ಗೆರೆ ದಾಟಿದವುಗಳಲ್ಲಿ ಗುಣವೂ ಇದ್ದದ್ದು ನೂರಕ್ಕೆ ಸುಮಾರು 30 ಮಾತ್ರ. ನನಗೆ ಕೇಳಿದರೆ ಅದೂ ಕಡಿಮೆಯೇನಲ್ಲ. ಕಣ್ಣು ಮುಚ್ಚಿ ಆರಿಸಿದರೆ ಅಷ್ಟೂ ಸಿಗುವುದಿಲ್ಲ.

ಹೋಲಿಕೆ ಪೂರ್ತಿ 1 ಬಂದರೂ ಮೋಸವಿದೆ. ದೇವರಾಜ ಮಾರುಕಟ್ಟೆಯ ಪುದೀನ ಮತ್ತು ಸಬ್ಬಸಿಗೆ ಬೀಜದ ವಾಸನೆ ಯಾರಿಗೆ ಗೊತ್ತಿಲ್ಲ? ಪುದೀನದ ಒಂದು ಬಗೆಯಲ್ಲೂ ಸಬ್ಬಸಿಗೆ ಬೀಜದಲ್ಲೂ ಕಾರ್ವೋನ್ ಎಂಬ ಅಣುವಿದೆ. ಒಂದು ಎಡಗೈ ಆದರೆ ಇನ್ನೊಂದು ಬಲಗೈ, ಅಷ್ಟೇ ವ್ಯತ್ಯಾಸ. ಮೂಗಿಗೆ ಎರಡೂ ಬೇರೆ. ಸಾಮಾನ್ಯ ಫಿಂಗರ್‌ಪ್ರಿಂಟ್ ಎಡ ಬಲ ನೋಡುವುದೇ ಇಲ್ಲ. ಅದರ ಪಾಲಿಗೆ ಹೋಲಿಕೆ ಸರಿಯಾಗಿ 1. ಫಿಂಗರ್‌ಪ್ರಿಂಟ್ ಬದಲಾದರೆ ಅದೇ ಜೋಡಿಗೆ ಬೇರೆ ಅಂಕಿ ಬರುತ್ತದೆ. ಅದಕ್ಕೇ ಪ್ರಬಂಧದಲ್ಲಿ ಬರೀ 0.85 ಅಂತ ಬರೆದರೆ ಸಾಲದು, ಯಾವ ಫಿಂಗರ್‌ಪ್ರಿಂಟ್ ಅಂತಲೂ ಪಕ್ಕದಲ್ಲಿ ಬರೆಯಬೇಕು.